ಮಳೆಗಾಲವಿಲ್ಲದ ಹೆಣಿಗೆ ಪುಸ್ತಕ

ಕಳೆದ ತಿಂಗಳು ನನ್ನ ಹಳೆಯ ಶಿಷ್ಯೆಯೊಬ್ಬಳು ವಿದೇಶದಿಂದ ರಜೆಗೆ ಬಂದವಳು ನಮ್ಮ ಮನೆಗೂ ಬಂದಿದ್ದಳು. ಕಾಲುಮುಟ್ಟಿ ನಮಸ್ಕರಿಸಿ, ಚೀಲದಿಂದ ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನು ತೆಗೆದು ಕೈಗಿತ್ತು, "ಟೀಚರ್, ಉಲ್ಲನ್ ಕಡ್ಡಿ ಇನ್ನೂ ಬಿಟ್ಟಿಲ್ಲ ಅಲ್ವಾ? ನಿಮಗಂತಲೇ ತಂದಿದ್ದು" ಎಂದಳು. ಅವಳ ಪ್ರೀತಿಗೆ ನಾನು ಋಣಿ. ಈ ಬರಹವನ್ನು ಅವಳೂ ಓದುತ್ತಾಳೆಂದು ಬಲ್ಲೆ. ಆದುದರಿಂದ ಮೊದಲೇ ಹೇಳಿಬಿಡುತ್ತೇನೆ, ನನ್ನ ಜಗಳ ತಂದವಳೊಡನೆ ಅಲ್ಲ, ಪುಸ್ತಕದೊಡನೆ. ಎಂಬತ್ತರ ಹೊಸ್ತಿಲಲ್ಲಿರುವ ಮುದುಕಿಗೆ ಹೆಣಿಗೆಯ ಪುಸ್ತಕದ ಮೇಲೆ ಇಷ್ಟೊಂದು ಸಿಟ್ಟೇಕೆಂದು ನನ್ನ ಸೊಸೆಗೂ ಆಶ್ಚರ್ಯ. ಸಿಟ್ಟಿನ ಅರ್ಧಪಾಲು ನನ್ನ ಮೇಲೆಯೇ ಎಂಬುದು ಅವಳಿಗೆ ತಿಳಿಯದು. ಅದನ್ನು ಮುಂದೆ ಹೇಳುತ್ತೇನೆ.

ಪುಸ್ತಕದಲ್ಲಿ ನಾಲ್ಕು ಭಾಗಗಳಿವೆ, ನಾಲ್ಕು ಋತುಗಳಿಗೆ ನಾಲ್ಕು. ವಸಂತಕ್ಕೆ ಮೊಲದ ಕಿವಿಯಿರುವ ಮಗುವಿನ ಟೋಪಿ, ಬೇಯಿಸಿದ ಮೊಟ್ಟೆ ಆರದಂತೆ ಅದಕ್ಕೆ ತೊಡಿಸುವ ಪುಟ್ಟ ಕುಲಾವಿ. ಬೇಸಗೆಗೆ ಕಡಲತೀರದ ಚೀಲ, ತೋಳಿಲ್ಲದ ಹತ್ತಿಯ ಅಂಗಿ. ಶರತ್ಕಾಲಕ್ಕೆ ಸಿಹಿಗುಂಬಳದ ಆಕಾರದ ದಿಂಬು, ಉದುರೆಲೆಗಳ ಮಾಲೆ, ಬೂಟಿನ ಬಾಯಿಗೆ ಸುತ್ತುವ ಪಟ್ಟಿ. ಚಳಿಗಾಲಕ್ಕೆ ಹಿಮದ ಹರಳಿನ ಚಿತ್ತಾರದ ಸ್ವೆಟರ್, ಕ್ರಿಸ್‌ಮಸ್ಸಿಗೆ ತೂಗುಹಾಕುವ ಕಾಲುಚೀಲ, ಬಿಸಿನೀರಿನ ರಬ್ಬರ್ ಚೀಲಕ್ಕೊಂದು ಹೊದಿಕೆ. ಎಲ್ಲಕ್ಕೂ ಹೊಳೆಹೊಳೆಯುವ ಬಣ್ಣದ ಚಿತ್ರಗಳು. ಕೊನೆಯ ಪುಟವನ್ನು ಮುಚ್ಚಿ ನಾನು ಕಿಟಕಿಯಾಚೆ ನೋಡಿದೆ. ಹೊರಗೆ ಆಷಾಢದ ಮಳೆ ಜಡಿಯುತ್ತಿತ್ತು. ಪುಸ್ತಕವನ್ನು ಮತ್ತೆ ತೆರೆದು ಮೊದಲಿನಿಂದ ಕಡೆಯವರೆಗೆ ಹುಡುಕಿದೆ. ಮಳೆಗಾಲಕ್ಕೆ ಒಂದೇ ಒಂದು ಮಾದರಿಯೂ ಇರಲಿಲ್ಲ.

ಹಿಮ ಬೀಳುವ ಊರಿನವರು ಹಿಮದ ಚಿತ್ತಾರ ಹೆಣೆದುಕೊಳ್ಳುವುದನ್ನು ಆಕ್ಷೇಪಿಸುವವಳು ನಾನಲ್ಲ. ನಾರ್ವೆಯ ಸೆಲ್ಬು ಎಂಬ ಊರಿನ ಕೈಗವಸುಗಳ ಮೇಲಿನ ಎಂಟೆಸಳಿನ ಹೂವನ್ನು ಚಿತ್ರದಲ್ಲಿ ಕಂಡಾಗಲೆಲ್ಲ ನನಗೆ ನಮ್ಮ ಹೊಸ್ತಿಲ ರಂಗೋಲಿ ನೆನಪಾಗುತ್ತದೆ. ಬಿಳಿಯ ಎಳೆ, ಕರಿಯ ಎಳೆ, ಎರಡೇ ಬಣ್ಣಗಳಲ್ಲಿ ಅಂಥ ಸೊಗಸು! ಆ ಹೆಣಿಗೆ ಆ ನೆಲದಲ್ಲಿ ಹುಟ್ಟಿದ್ದು, ಆ ಚಳಿಗೆ ಬೆಳೆದದ್ದು. ನನ್ನ ತಕರಾರು, ಋತುವಿನ ಹೆಸರನ್ನು ಹೊತ್ತುಕೊಂಡು ಬರುವ, ಋತುವನ್ನು ಮಾತ್ರ ನೋಡದ ಮಾದರಿಗಳ ಕುರಿತು. ಇಂಥವನ್ನು ಹೆಣೆಯುವವರ ಅಗತ್ಯ ಮೊದಲು ಹುಟ್ಟಿಸಿದ್ದಲ್ಲ. ಇಂಗ್ಲೆಂಡಿನಲ್ಲಿ ಉಣ್ಣೆಯ ನೂಲು ತೆಗೆಯುವ ಗಿರಣಿಗಳೇ ಮಾದರಿಯ ಹಾಳೆಗಳನ್ನು ಮುದ್ರಿಸಿ ಹಂಚುತ್ತಿದ್ದವು. 1920ರಲ್ಲಿ ಎರಡು ಸಂಸ್ಥೆಗಳು ಕೂಡಿ ಆದ 'ಪೇಟನ್ಸ್ ಅಂಡ್ ಬಾಲ್ಡ್‌ವಿನ್ಸ್'ನ ಹಾಳೆಗಳು ನಮ್ಮ ದೇಶದ ಕಾನ್ವೆಂಟುಗಳವರೆಗೂ ಬಂದಿದ್ದವು. ಹಾಳೆ ಅಗ್ಗ, ನೂಲು ದುಬಾರಿ. ಮೀನಿನ ಗಾಳದಲ್ಲಿ ಎರೆಹುಳು ಅಗ್ಗವಾಗಿರುವಂತೆ. ಹಳೆಯ ಹಾಳೆಯಿಂದಲೇ ಮುಂದಿನ ವರ್ಷವೂ ಹೆಣೆದುಬಿಟ್ಟರೆ, ಮನೆಯಲ್ಲಿ ಉಳಿದ ಉಂಡೆಯನ್ನೇ ಬಳಸಿಬಿಟ್ಟರೆ ವ್ಯಾಪಾರ ನಡೆಯುವುದು ಹೇಗೆ? ಆದುದರಿಂದ ವರ್ಷಕ್ಕೆ ನಾಲ್ಕು ಬಾರಿ ಹೊಸ ಮಾದರಿ, ಹೊಸ ಬಣ್ಣ. ನಿಟ್ ಮತ್ತು ಪರ್ಲ್ ಎಂಬ ಎರಡೇ ಕುಣಿಕೆಗಳು ಮಾತ್ರ ಅಂದಿನಿಂದ ಇಂದಿನವರೆಗೆ ಹಾಗೆಯೇ ಇವೆ.

ಉಡುಪುಗಳ ವಿಷಯಕ್ಕೆ ಬರೋಣ. ನನ್ನ ಬಳಿ ಗಣಿತ ಕಲಿತವರು ಸ್ವಲ್ಪ ಸಹಿಸಿಕೊಳ್ಳಬೇಕು, ಲೆಕ್ಕ ಮಾಡದೆ ನನಗೆ ಮಾತನಾಡಲು ಬರುವುದಿಲ್ಲ.

ನಮ್ಮ ಮನೆಗಳ ಡಬ್ಬಿಗಳಲ್ಲಿರುವ ಹಳೆಯ ಹೆಣಿಗೆ ಕಡ್ಡಿಗಳೆಲ್ಲ ಬ್ರಿಟಿಷ್ ನಂಬರಿನವು. ಆ ಲೆಕ್ಕದಲ್ಲಿ ನಂಬರು ಏರಿದಷ್ಟೂ ಕಡ್ಡಿ ಸಣ್ಣದು. 8ನೆಯ ನಂಬರಿನದು 4 ಮಿಲಿಮೀಟರ್, 10ನೆಯದು ಮೂರೂಕಾಲು, 12ನೆಯದು ಎರಡೂಮುಕ್ಕಾಲು. ಅಮೆರಿಕದವರ ಲೆಕ್ಕ ಇದಕ್ಕೆ ತಿರುಗುಮುರುಗು, ನಂಬರು ಏರಿದಂತೆ ಕಡ್ಡಿ ದಪ್ಪವಾಗುತ್ತದೆ, ಅವರ 8ನೆಯ ನಂಬರು 5 ಮಿಲಿಮೀಟರ್. ಈಗಿನ ಪುಸ್ತಕಗಳಲ್ಲಿ ಮಿಲಿಮೀಟರನ್ನೂ ಮುದ್ರಿಸುತ್ತಾರೆ, ನಿಜ. ಆದರೆ ಅತ್ತೆಯ ಕಾಲದ ಕಡ್ಡಿಯ ತಲೆಯ ಮೇಲೆ ಕೆತ್ತಿರುವುದು ಬರಿಯ 8. ಅದನ್ನು ನಂಬಿ ಹೊರಟವಳ ಗತಿಯನ್ನು ನೋಡಿ. ಮಾದರಿಯಲ್ಲಿ ಇಂಚಿಗೆ ನಾಲ್ಕೂವರೆ ಕುಣಿಕೆ ಎಂದಿದೆ, ಎದೆಯ ಸುತ್ತಳತೆ 36 ಇಂಚು, ಅಂದರೆ 162 ಕುಣಿಕೆ. ಇವಳ ಕಡ್ಡಿ ಸಣ್ಣದಾದ್ದರಿಂದ ಇಂಚಿಗೆ ಐದು ಕುಣಿಕೆ ಬೀಳುತ್ತದೆ. 162ನ್ನು 5ರಿಂದ ಭಾಗಿಸಿದರೆ 32 ಇಂಚು ಚಿಲ್ಲರೆ. ಅರ್ಧ ಕುಣಿಕೆಯ ವ್ಯತ್ಯಾಸಕ್ಕೆ ಮೂರೂವರೆ ಇಂಚು ಮಾಯ! ಗಂಡನಿಗೆಂದು ಆರಂಭಿಸಿದ್ದು ಮಗನ ಮೈಗೆ ಬಂದು ನಿಲ್ಲುತ್ತದೆ. ನಾಲ್ಕು ಇಂಚು ಅಗಲದ ತುಂಡೊಂದನ್ನು ಮೊದಲು ಹೆಣೆದು ಅಳೆದು ನೋಡಬೇಕೆಂಬ ಮಾತು ಪುಸ್ತಕದಲ್ಲಿದೆಯೇ ಎಂದರೆ ಇದೆ, ಇರುವೆಯ ಗಾತ್ರದ ಅಕ್ಷರದಲ್ಲಿದೆ. ಆ ತುಂಡನ್ನು ಏಕೆ ಹೆಣೆಯಬೇಕು, ಅಳತೆ ತಪ್ಪಿದರೆ ಲೆಕ್ಕವನ್ನು ಹೇಗೆ ತಿದ್ದಬೇಕು ಎಂಬುದಕ್ಕೆ ಒಂದು ಸಾಲೂ ಇಲ್ಲ. ಕುಂಬಳಕಾಯಿ ದಿಂಬಿನ ಚಿತ್ರಕ್ಕೆ ಮಾತ್ರ ಪೂರ್ತಿ ಎರಡು ಪುಟ.

ಇನ್ನು ಕಾಲದ ಲೆಕ್ಕ. ಅದೇ 36 ಇಂಚಿನ ಸ್ವೆಟರಿಗೆ ಉದ್ದ 24 ಇಂಚು, ಇಂಚಿಗೆ ಆರು ಸಾಲು ಎಂದುಕೊಳ್ಳಿ. ಮೈಯೊಂದಕ್ಕೇ 23 ಸಾವಿರಕ್ಕೂ ಮಿಕ್ಕಿದ ಕುಣಿಕೆಗಳು, ಎರಡು ತೋಳುಗಳಿಗೆ ಇನ್ನೂ ಹನ್ನೊಂದು ಹನ್ನೆರಡು ಸಾವಿರ. ಒಟ್ಟು ಸುಮಾರು 35 ಸಾವಿರ. ನಿಮಿಷಕ್ಕೆ ಇಪ್ಪತ್ತು ಕುಣಿಕೆಯ ಕೈವೇಗವಿದ್ದರೆ 29 ಗಂಟೆ. ಅಡುಗೆ, ಪಾತ್ರೆ, ಮಕ್ಕಳ ಪಾಠ, ಅತ್ತೆಯ ಔಷಧಿ ಎಲ್ಲ ಮುಗಿಸಿ ದಿನಕ್ಕೆ ಅರ್ಧ ಗಂಟೆ ಬಿಡುವು ಸಿಗುವ ಗೃಹಿಣಿಗೆ ಎರಡು ತಿಂಗಳು. ಚಳಿಗಾಲದ ಮಾದರಿಯನ್ನು ಚಳಿ ಬಿದ್ದ ಮೇಲೆ ಕೈಗೆ ಕೊಟ್ಟರೆ ಸ್ವೆಟರು ಮುಗಿಯುವಷ್ಟರಲ್ಲಿ ಶಿವರಾತ್ರಿಯಾಗಿ, ಚಳಿ ಶಿವಶಿವಾ ಎಂದು ಹೊರಟುಹೋಗಿರುತ್ತದೆ. ಮುಂದಿನ ವರ್ಷ ತೊಡೋಣವೆಂದರೆ ಅಷ್ಟರಲ್ಲಿ ಮಗು ಎರಡು ಇಂಚು ಬೆಳೆದಿರುತ್ತದೆ. ಋತುವಿಗೆ ಹೆಣೆಯುವವನು ಋತುವಿಗೆ ಮುಂಚೆ ಕಡ್ಡಿ ಹಿಡಿಯಬೇಕು ಎಂಬ ಸಾಮಾನ್ಯ ಜ್ಞಾನವನ್ನು, ಉಪ್ಪಿನಕಾಯಿಗೆ ಮಿಡಿ ಹಾಕುವ ಯಾವ ಹೆಂಗಸೂ ಹೇಳಬಲ್ಲಳು.

ಅಲ್ಲದೆ ಆ ಉಡುಪುಗಳ ರೂಪವೇ ನಮಗೆ ಸಲ್ಲದು. ತಲೆಯ ಮೇಲಿಂದ ಎಳೆದು ಹಾಕುವ ಮುಚ್ಚಿದ ಸ್ವೆಟರುಗಳೇ ಹೆಚ್ಚು. ನಮ್ಮಲ್ಲಿ ಪುಷ್ಯಮಾಸದ ಬೆಳಗಿನ ಏಳಕ್ಕೆ ಹಲ್ಲು ಕಟಕಟಿಸುತ್ತದೆ, ಹನ್ನೊಂದಕ್ಕೆ ಬೆನ್ನು ಬೆವರುತ್ತದೆ. ಮುಂದೆ ಗುಂಡಿಯಿದ್ದು ಥಟ್ಟನೆ ಬಿಚ್ಚಿ ಹೆಗಲಿಗೆ ಹಾಕಿಕೊಳ್ಳುವಂತಿರಬೇಕು. ಸೀರೆಯುಟ್ಟವಳು ಸೆರಗನ್ನು ಎಲ್ಲಿ ಬಿಡಬೇಕು, ನೆರಿಗೆಯ ಮೇಲೆ ಸ್ವೆಟರಿನ ಅಂಚು ಉಬ್ಬದಂತೆ ಎಷ್ಟು ಉದ್ದ ಬರಬೇಕು, ತುರುಬು ಕಟ್ಟಿ ಹೂ ಮುಡಿದ ತಲೆಗೆ ಟೋಪಿ ಹೇಗೆ ಕೂರಬೇಕು? ಈ ಪ್ರಶ್ನೆಗಳು ಆ ಪುಸ್ತಕ ಬರೆದವರಿಗೆ ಹೊಳೆಯಬೇಕಾಗಿಲ್ಲ. ಆದರೆ ಅದನ್ನು ನೋಡಿ ಹೆಣೆಯುವ ನಮಗೂ ಹೊಳೆಯಲಿಲ್ಲವಲ್ಲ! ನಮ್ಮ ಕಡೆಯ ಕಾಫಿ ತೋಟಗಳಲ್ಲಿ ಕೆಲಸದ ಹೆಂಗಸರು ಸೀರೆಯ ಮೇಲೆ ಗಂಡಸರ ಅಂಗಿ, ಗಂಡಸರ ಸ್ವೆಟರು ತೊಟ್ಟು ಹೋಗುವುದನ್ನು ನೀವೆಲ್ಲ ಕಂಡಿದ್ದೀರಿ. ಅವರಿಗೆಂದು ಒಂದು ಉಡುಪನ್ನು ಯಾರೂ ಯೋಚಿಸಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ತಲೆಗೆ, ಕತ್ತಿಗೆ, ಕೈಗೆ ಹಾಕುವವುಗಳ ಬಗೆಗೆ ಹೆಚ್ಚು ಹೇಳುವುದಿಲ್ಲ. ಆ ಪುಸ್ತಕದಲ್ಲಿ ಕಿವಿಯನ್ನು ಮಾತ್ರ ಮುಚ್ಚುವ ಪಟ್ಟಿ, ಬೆರಳನ್ನು ಮಾತ್ರ ಮುಚ್ಚದ ಕೈಗವಸು ಇತ್ಯಾದಿ ಇವೆ. ನಮ್ಮವರು ಇವೆಲ್ಲವನ್ನೂ ಬಿಟ್ಟು ಆರಿಸಿಕೊಂಡದ್ದು ಮಂಕಿ ಕ್ಯಾಪನ್ನು. ಅದನ್ನು ಕಂಡು ನಗುವವರಿಗೆ ಒಂದು ಸಂಗತಿ ಹೇಳಲೇ? ಇಂಗ್ಲಿಷಿನಲ್ಲಿ ಅದರ ಹೆಸರು ಬಾಲಕ್ಲಾವ. 1854ರಲ್ಲಿ ಕ್ರಿಮಿಯಾದ ಯುದ್ಧ ನಡೆದ ಊರಿನ ಹೆಸರು ಅದು. ಮುಂದೆ ಗುಂಡಿಯಿರುವ ಕಾರ್ಡಿಗನ್‌ಗೆ ಹೆಸರು ಬಂದದ್ದು ಅದೇ ಯುದ್ಧದ ಸೇನಾನಿ ಕಾರ್ಡಿಗನ್ ಪ್ರಭುವಿನಿಂದ. ಕೊರಳಿನಿಂದ ಕಂಕುಳಿಗೆ ಓರೆಯಾಗಿ ಇಳಿಯುವ ರ‍್ಯಾಗ್ಲನ್ ತೋಳಿಗೆ ಹೆಸರು ಕೊಟ್ಟ ರ‍್ಯಾಗ್ಲನ್ ಪ್ರಭುವೂ ಅಲ್ಲಿಯ ಸೇನಾಧಿಪತಿಯೇ, ವಾಟರ್‌ಲೂ ಕದನದಲ್ಲಿ ಬಲಗೈಯನ್ನು ಕಳೆದುಕೊಂಡವನು. ಒಂದು ದುರ್ದೈವದ ಯುದ್ಧ ಮೂರು ಉಡುಪುಗಳಿಗೆ ಹೆಸರಿಟ್ಟು ಹೋಯಿತು. ಚಳಿಯಲ್ಲಿ ನಡುಗುವ ಮನುಷ್ಯರ ಕಷ್ಟದೊಡನೆ ಸೇರಿಕೊಂಡ ಆ ಉಡುಪುಗಳು ಇಂದಿಗೂ ಉಳಿದಿವೆ. ಬೆಳಗಿನ ಜಾವ ಐದಕ್ಕೆ ಸೈಕಲ್ಲಿನಲ್ಲಿ ಹಾಲು ತರುವವನಿಗೆ ಮಂಕಿ ಕ್ಯಾಪಿನ ಬದಲು ಹೂವಿನ ಅಲಂಕಾರದ ಕಿವಿಪಟ್ಟಿ ಕೊಟ್ಟು ನೋಡಿ, ಏನೆನ್ನುತ್ತಾನೆ ಕೇಳಿ.

ಆದರೆ ಗೃಹಾಲಂಕಾರದ ಭಾಗವನ್ನು ಮಾತ್ರ ನಾನು ಸುಮ್ಮನೆ ಬಿಡಲಾರೆ.

ನಾವೇನೂ ಕಡಿಮೆಯವರಲ್ಲ, ಒಪ್ಪುತ್ತೇನೆ. ರೇಡಿಯೋಗೆ ಕ್ರೋಷಾದ ಮುಸುಕು ಹಾಕಿದವರು ನಾವು. ಟಿ.ವಿ. ಬಂದಾಗ ಅದಕ್ಕೂ ಹಾಕಿದೆವು. ದೇವರ ಪಟಗಳಿಗೆ ಉಲ್ಲನ್ ಹೂವಿನ ಹಾರ, ಬಾಗಿಲಿಗೆ ಮಣಿ ಪೋಣಿಸಿದ ತೋರಣ, ಮಜ್ಜಿಗೆಯ ಲೋಟಕ್ಕೆ ನಾಲ್ಕು ಮೂಲೆಗೆ ಮಣಿ ತೂಗುವ ಮುಚ್ಚಳ. ಕೊನೆಯದಕ್ಕಾದರೂ ಒಂದು ಅರ್ಥವಿತ್ತು, ನೊಣ ಬೀಳುತ್ತಿರಲಿಲ್ಲ, ಗಾಳಿಗೆ ಹಾರುತ್ತಿರಲಿಲ್ಲ. ಆದರೆ ಚಹಾದ ಕುಂಡಿಗೆಗೆ ಹೊದಿಸುವ ಅಂಗಿ? ಹಿತ್ತಾಳೆ ಫಿಲ್ಟರಿನಲ್ಲಿ ಇಳಿದ ಡಿಕಾಕ್ಷನ್ನಿಗೆ ಕುದಿಯುವ ಹಾಲು ಬೆರೆಸಿ ಎರಡು ಗುಟುಕಿಗೆ ಕುಡಿದು ಮುಗಿಸುವ ಮನೆಯಲ್ಲಿ ಅದನ್ನು ಯಾವುದಕ್ಕೆ ತೊಡಿಸೋಣ? ಆದರೂ ನಾನು ಎಷ್ಟೋ ಹೆಣ್ಣುಮಕ್ಕಳಿಂದ ಅದನ್ನು ಹೆಣೆಯಿಸಿದ್ದೇನೆ. ಕುಂಡಿಗೆಯನ್ನು ಕಣ್ಣಾರೆ ಕಂಡಿರದ ಹುಡುಗಿಯರು ಅದರ ಮೂತಿಗೆ ಒಂದು ತೂತು, ಹಿಡಿಗೆ ಒಂದು ತೂತು ಬಿಟ್ಟು ಹೆಣೆದರು. ಒಬ್ಬಳ ಮನೆಯಲ್ಲಿ ಅದನ್ನು ಮಗುವಿನ ಟೋಪಿಯೆಂದು ತಿಳಿದು ತೊಡಿಸಿದ್ದರಂತೆ, ಕಿವಿಗಳೆರಡೂ ತೂತಿನಿಂದ ಸರಿಯಾಗಿ ಹೊರಗೆ ಬಂದಿದ್ದವಂತೆ.

ನಗೆಯ ಮಾತು ಅಲ್ಲಿಗೆ ಸಾಕು. ಅದೇ ಪುಸ್ತಕದಲ್ಲಿ ಬಿಸಿ ಪಾತ್ರೆ ಹಿಡಿಯಲು ಚೌಕದ ಹೆಣಿಗೆಯೊಂದಿದೆ. ಯಾವ ನೂಲಿನಲ್ಲಿ ಹೆಣೆಯಬೇಕೆಂದರೆ 'ಋತುವಿಗೆ ಹೊಂದುವ ಯಾವ ಬಣ್ಣವಾದರೂ' ಎಂದಷ್ಟೇ ಇದೆ. ನಮ್ಮ ಪೇಟೆಗಳಲ್ಲಿ ಉಲ್ಲನ್ ಎಂದು ಮಾರುವುದರಲ್ಲಿ ಬಹುಪಾಲು ಅಕ್ರಿಲಿಕ್. ಅದು ಕುರಿಯ ಮೈಯಿಂದ ಬಂದದ್ದಲ್ಲ, ಕಾರ್ಖಾನೆಯ ರಸಾಯನದಿಂದ ಬಂದದ್ದು. ನಿಜವಾದ ಉಣ್ಣೆ ಬೆಂಕಿಗೆ ಸುಲಭವಾಗಿ ಹತ್ತಿಕೊಳ್ಳುವುದಿಲ್ಲ, ಕೂದಲು ಸುಟ್ಟ ವಾಸನೆ ಬಂದು ಕರಿಯಾಗಿ ಪುಡಿಯಾಗುತ್ತದೆ. ಅಕ್ರಿಲಿಕ್ ಹಾಗಲ್ಲ, ಕರಗಿ ಅಂಟಾಗಿ ಚರ್ಮಕ್ಕೆ ಹಿಡಿದುಕೊಳ್ಳುತ್ತದೆ. ಅದರಿಂದ ಹೆಣೆದ ಚೌಕವನ್ನು ಹಿಡಿದು ಒಲೆಯ ಮೇಲಿನ ಬಾಣಲೆಯನ್ನು ಇಳಿಸುವವಳ ಬೆರಳಿಗೆ ಬಣ್ಣದ ಹೊಂದಾಣಿಕೆಯಿಂದ ಏನಾಗಬೇಕು? ನಮ್ಮ ಅಡುಗೆಮನೆಯ ಇಕ್ಕಳವೂ ಹಳೆಯ ಪಂಚೆಯನ್ನು ಹರಿದ ಮಸಿಬಟ್ಟೆಯೂ ಚಿತ್ರಕ್ಕೆ ಅಂದವಲ್ಲದಿರಬಹುದು, ಕೈ ಸುಡುವುದಿಲ್ಲ. ಹಾಗೆಯೇ ಹಸುಗೂಸಿಗೆ ಕೊರಳ ಕೆಳಗೆ ರಿಬ್ಬನ್ ಬಿಗಿದು ಕಟ್ಟುವ ಕುಲಾವಿ, ತೂತುತೂತಾದ ಕಾಲುಚೀಲ. ರಿಬ್ಬನ್ ಜಾರಿ ಕೊರಳಿಗೆ ಸುತ್ತಿಕೊಳ್ಳಬಹುದು, ಒಳಗಿನ ಸಡಿಲ ಎಳೆ ಪುಟ್ಟ ಬೆರಳಿಗೆ ಬಿಗಿದು ರಕ್ತ ನಿಲ್ಲಿಸಬಹುದು. ಈ ಮಾತನ್ನು ಮೊಮ್ಮಕ್ಕಳಿಗೆ ಹೆಣೆಯುತ್ತಿರುವ ನನ್ನ ಶಿಷ್ಯೆಯರು ದಯವಿಟ್ಟು ನೆನಪಿಡಿ. ಕಾಲುಚೀಲವನ್ನು ತೊಡಿಸುವ ಮುನ್ನ ಒಳಮಗ್ಗುಲನ್ನು ಹೊರಗೆ ತಿರುವಿ ಎಳೆಗಳನ್ನು ನೋಡಿ.

ಈಗ ನನ್ನ ಮೇಲಿನ ಸಿಟ್ಟಿನ ಕಾರಣ.

ನಾನು ಗಣಿತದ ಅಧ್ಯಾಪಿಕೆಯೇ ಆದರೂ, ಹೆಂಗಸೆಂಬ ಒಂದೇ ಅರ್ಹತೆಯ ಮೇಲೆ ಹೊಲಿಗೆ ಹೆಣಿಗೆಯ ತರಗತಿಯನ್ನೂ ನನ್ನ ತಲೆಗೆ ಕಟ್ಟಿದ್ದರು. 1979ನೆಯ ವರ್ಷ. ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಪರೀಕ್ಷೆಗೆಂದು ಒಂದು ಇಂಗ್ಲಿಷ್ ಹಾಳೆಯಿಂದ ಚಳಿಗಾಲದ ಮಗುವಿನ ಅಂಗಿಯ ಮಾದರಿಯನ್ನು ಕೊಟ್ಟಿದ್ದೆ. ತಿಳಿಹಳದಿ ಅಥವಾ ಬಿಳಿಯ ನೂಲು, ಕೊರಳಿಗೆ ರಿಬ್ಬನ್ನು, ಅಂಚಿಗೆ ತೂತಿನ ಕಸೂತಿ. ನೂಲಿಗೆ ಹಣ ತರಲಾಗದೆ ಎಷ್ಟು ಮನೆಗಳಲ್ಲಿ ಮಾತು ಬಂದಿತೋ, ಆಗ ನಾನು ಕೇಳಲಿಲ್ಲ.

ಆಗುಂಬೆಯ ಕಡೆಯಿಂದ ನಡೆದು ಬರುತ್ತಿದ್ದ ಒಬ್ಬ ಹುಡುಗಿ ತಂದದ್ದು ಕಾಫಿಬಣ್ಣದ ಒಂದು ಸಣ್ಣ ಸ್ವೆಟರು. ತೋಟದ ಸಾಹುಕಾರರ ಮನೆಯಿಂದ ಅವಳ ತಂದೆಗೆ ಬಂದಿದ್ದ ಹಳೆಯ ಉಣ್ಣೆಯ ಸ್ವೆಟರನ್ನು ಬಿಚ್ಚಿ, ಆ ಎಳೆಯಿಂದ ಆರು ವರ್ಷದ ತಮ್ಮನಿಗೆ ಹೆಣೆದಿದ್ದಳು. ಕೊರಳಿನಿಂದ ಆರಂಭಿಸಿ ಕೆಳಕ್ಕೆ ಇಳಿದಿತ್ತು, ಅಂಚಿನಲ್ಲಿ ಕಸೂತಿಯಿಲ್ಲ, ತೋಳುಗಳು ಮಣಿಕಟ್ಟಿಗಿಂತ ಎರಡು ಬೆರಳು ಮೇಲಕ್ಕೇ ನಿಂತಿದ್ದವು.

"ಇದೇನೇ, ಹಾಳೆಯಲ್ಲಿ ಹೀಗಿದೆಯೇ?" ಎಂದೆ.

"ಇಲ್ಲ ಟೀಚರ್. ತಮ್ಮನ ಮೈ ಅಳೆದು ಮಾಡಿದೆ."

"ತೋಳೇಕೆ ಗಿಡ್ಡ?"

"ಉದ್ದ ಇದ್ರೆ ಹಳ್ಳ ದಾಟುವಾಗ ಒದ್ದೆ ಆಗ್ತದೆ ಟೀಚರ್. ಮಳೆಗಾಲದಲ್ಲಿ ಒಣಗೂದಿಲ್ಲ."

"ಮೇಲಿನಿಂದ ಏಕೆ ಶುರುಮಾಡಿದೆ?"

"ನೂಲು ಎಷ್ಟು ಬರ್ತದೆ ಗೊತ್ತಿರಲಿಲ್ಲ. ಮುಗಿದಲ್ಲಿ ನಿಲ್ಲಿಸಬಹುದು ಅಂತ. ಬರೋ ವರ್ಷ ನೂಲು ಸಿಕ್ಕರೆ ಕೆಳಗೆ ಜೋಡಿಸ್ತೇನೆ."

ನಾನು ಕೆಂಪು ಶಾಯಿಯಲ್ಲಿ 'ಮಾದರಿಗೆ ಅನುಗುಣವಾಗಿಲ್ಲ' ಎಂದು ಬರೆದು ಇಪ್ಪತ್ತೈದಕ್ಕೆ ಹನ್ನೊಂದು ಅಂಕ ಕೊಟ್ಟೆ. ಅವಳು ಅಳಲಿಲ್ಲ, ಸ್ವೆಟರನ್ನು ಮಡಚಿಕೊಂಡು ಹೋದಳು. ಹಳದಿ ನೂಲಿನ ರಿಬ್ಬನ್ನಿನ ಅಂಗಿಗಳಿಗೆ ಇಪ್ಪತ್ತು, ಇಪ್ಪತ್ತೊಂದು. ಅವುಗಳಲ್ಲಿ ಅರ್ಧದಷ್ಟನ್ನು ಪರೀಕ್ಷೆ ಮುಗಿದ ಮೇಲೆ ಬಿಚ್ಚಿ ತಂಗಿಯರಿಗೆ ಪರೀಕ್ಷೆಗೆಂದು ಎತ್ತಿಟ್ಟರೆಂಬುದು ಆಮೇಲೆ ತಿಳಿಯಿತು. ಯಾವ ಮಗುವೂ ತೊಡದ ಅಂಗಿಗಳು!

ನಿವೃತ್ತಳಾದ ಮೇಲೆ, ಓದಲು ಬಿಡುವು ದೊರೆತಾಗ, ಬ್ರಿಟನ್ನಿನ ಕರಾವಳಿಯ ಬೆಸ್ತರ ಸ್ವೆಟರುಗಳ ವಿಷಯ ಓದಿದೆ. ಗರ್ನ್‌ಸಿ ದ್ವೀಪದ ಹೆಸರಿನಿಂದ ಕರೆಯುವ ಬಿಗಿ ಹೆಣಿಗೆಯ ನೀಲಿ ಸ್ವೆಟರುಗಳವು. ಹಿಂದುಮುಂದು ಒಂದೇ ಸಮ, ಸವೆದರೆ ತಿರುಗಿಸಿ ತೊಡಬಹುದು. ತೋಳನ್ನು ಹೆಗಲಿನಿಂದ ಕೆಳಕ್ಕೆ ಹೆಣೆಯುತ್ತಿದ್ದರು, ತುದಿ ಹರಿದರೆ ಬಿಚ್ಚಿ ಮತ್ತೆ ಹೆಣೆಯಲು ಅನುಕೂಲ. ಮಣಿಕಟ್ಟಿಗಿಂತ ಮೇಲಕ್ಕೇ ತೋಳನ್ನು ನಿಲ್ಲಿಸುತ್ತಿದ್ದರು, ಉಪ್ಪುನೀರಿಗೆ ಒದ್ದೆಯಾಗಿ ಚರ್ಮ ಉಜ್ಜದಿರಲೆಂದು. ಓದಿದವಳು ಕನ್ನಡಕ ತೆಗೆದು ಸ್ವಲ್ಪ ಹೊತ್ತು ಕುಳಿತೆ. ಕಡಲನ್ನೇ ಕಾಣದಿದ್ದ ಹದಿನಾಲ್ಕು ವರ್ಷದ ಹುಡುಗಿ ಒಂದು ಹಳ್ಳವನ್ನು ನೋಡಿ ಅದೇ ತೀರ್ಮಾನಕ್ಕೆ ಬಂದಿದ್ದಳು. ನಾನು ಹನ್ನೊಂದು ಕೊಟ್ಟಿದ್ದೆ.

ಋತುಮಾನದ ಹೆಣಿಗೆಯೆಂದರೆ ಅದು. ನಮ್ಮ ಋತು ಯಾವುದೆಂದು ಅವಳಿಗೆ ಗೊತ್ತಿತ್ತು. ಮಲೆನಾಡಿನಲ್ಲಿ ಉಣ್ಣೆ ಬೇಕಾಗುವುದು ಡಿಸೆಂಬರಿಗಿಂತ ಹೆಚ್ಚಾಗಿ ಜೂನಿನಿಂದ ಸೆಪ್ಟೆಂಬರಿನವರೆಗೆ, ಗಾಳಿಯೇ ಒದ್ದೆಯಾಗಿರುವಾಗ. ಬಟ್ಟೆಯನ್ನು ಬಚ್ಚಲೊಲೆಯ ಮೇಲಿನ ಗಳುವಿಗೆ ಹಾಕಿ ಹೊಗೆವಾಸನೆಯೊಡನೆ ಒಣಗಿಸಿಕೊಳ್ಳುವ ಕಾಲ ಅದು. ನಿಜವಾದ ಉಣ್ಣೆ ತನ್ನ ತೂಕದ ಮೂರನೆಯ ಒಂದಂಶದಷ್ಟು ತೇವವನ್ನು ಹೀರಿಯೂ ಮೈಗೆ ಬೆಚ್ಚಗಿರುತ್ತದೆ, ಆದರೆ ಒಮ್ಮೆ ತೊಯ್ದು ತೊಪ್ಪೆಯಾಯಿತೆಂದರೆ ದಿನಗಟ್ಟಲೆ ಒಣಗದು. ಅಕ್ರಿಲಿಕ್ ಬೇಗ ಒಣಗುತ್ತದೆ, ಒಲೆಯ ಹತ್ತಿರ ಹಾಕುವಂತಿಲ್ಲ. ಹೀಗಿರುವಾಗ ದಪ್ಪ ನೂಲಿನ ಒಂದು ಸ್ವೆಟರಿಗಿಂತ ಸಣ್ಣ ನೂಲಿನ ಎರಡು ಲೇಸು, ಒಂದು ಮೈಮೇಲೆ, ಒಂದು ಗಳುವಿನ ಮೇಲೆ. ಇದನ್ನು ಯಾವ ಪುಸ್ತಕ ಹೇಳಿದೆ? ನಮ್ಮ ಹಿರಿಯರಿಗೆ ಅದಕ್ಕೆ ಪುಸ್ತಕವೇ ಬೇಕಿರಲಿಲ್ಲ. ಕುರುಬರು ಕರಿಕುರಿಯ ಉಣ್ಣೆಯಿಂದ ನೇಯ್ದು ಹುಣಿಸೆಬೀಜದ ಗಂಜಿ ಕೊಟ್ಟ ಕಂಬಳಿಯನ್ನು ಮೂಲೆಗೆ ಮೂಲೆ ಸೇರಿಸಿ ಮಡಚಿದರೆ ಕೊಪ್ಪೆ. ತಲೆ, ಬೆನ್ನು, ಮೊಣಕಾಲಿನವರೆಗೆ ಎಲ್ಲ ಮುಚ್ಚುತ್ತದೆ, ಗದ್ದೆಯಲ್ಲಿ ಬಗ್ಗಿ ನಟ್ಟಿ ಮಾಡುವವನ ಕೈಗಳೆರಡೂ ಬಿಡುವಾಗಿರುತ್ತವೆ. ಮನೆಗೆ ಬಂದು ಬಿಡಿಸಿದರೆ ಅದೇ ಹಾಸಿಗೆ.

ಮಾದರಿಗಳೇ ಬೇಡವೆಂದು ನಾನು ಹೇಳುತ್ತಿದ್ದೇನೆಂದು ಯಾರೂ ತಿಳಿಯಬಾರದು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಎಲಿಜಬೆತ್ ಝಿಮ್ಮರ್‌ಮನ್ ಎಂಬಾಕೆ 1974ರಲ್ಲಿ 'ನಿಟ್ಟರ್ಸ್ ಆಲ್ಮನಾಕ್' ಎಂಬ ಪುಸ್ತಕ ಬರೆದಳು. ಅದೂ ಋತುಮಾನದ್ದೇ, ತಿಂಗಳಿಗೊಂದು ಹೆಣಿಗೆ. ಆದರೆ ಆಕೆ ಮುಂದಿನ ಚಳಿಗಾಲದ ಕೈಗವಸನ್ನು ಮೇ ತಿಂಗಳಿನಲ್ಲಿ ಹೆಣೆಯಿಸುತ್ತಾಳೆ! ಜುಲೈ ತಿಂಗಳಿನದು ದುಂಡನೆಯ ಒಂದು ಶಾಲು. ವೃತ್ತದ ತ್ರಿಜ್ಯ ಇಮ್ಮಡಿಯಾದರೆ ಪರಿಧಿಯೂ ಇಮ್ಮಡಿಯಾಗುತ್ತದೆಂಬ, ಎಂಟನೆಯ ತರಗತಿಯಲ್ಲಿ ನಾನು ನಿಮ್ಮ ತಲೆಗೆ ತುಂಬಲು ಹೆಣಗುತ್ತಿದ್ದ ಸತ್ಯವೇ ಅದರ ಗುಟ್ಟು. ಒಂಬತ್ತು ಕುಣಿಕೆಯಿಂದ ಹೊರಟು ಇಮ್ಮಡಿಸಿ, ಮೂರು ಸುತ್ತು ಹೆಣೆದು ಮತ್ತೆ ಇಮ್ಮಡಿಸಿ, ಆರು ಸುತ್ತು, ಹನ್ನೆರಡು, ಇಪ್ಪತ್ನಾಲ್ಕು ಎಂದು ಸಾಗುತ್ತದೆ. ಬೇಕಾದಷ್ಟು ದೊಡ್ಡದಾದಾಗ ನಿಲ್ಲಿಸಿ. ಸ್ವೆಟರಿಗೂ ಆಕೆ ಅಳತೆಯ ಪಟ್ಟಿಯನ್ನಲ್ಲ, ಶೇಕಡಾವಾರು ಲೆಕ್ಕವನ್ನು ಹೇಳಿಕೊಟ್ಟಳು. ತೊಡುವ ಮಗುವಿನ ಎದೆ 22 ಇಂಚು, ಸಡಿಲಕ್ಕೆ ಎರಡು ಸೇರಿಸಿ 24. ಇಂಚಿಗೆ ಐದು ಕುಣಿಕೆಯಾದರೆ ಮೈಗೆ 120. ಮಣಿಕಟ್ಟಿಗೆ ಅದರ ಶೇಕಡಾ 20, ಅಂದರೆ 24. ತೋಳಿನ ಮೇಲ್ಭಾಗಕ್ಕೆ ಮೂರನೆಯ ಒಂದು ಪಾಲು, 40. ಕೊರಳಿಗೆ ಶೇಕಡಾ 40, ಅಂದರೆ 48. ಮುಗಿಯಿತು. ಯಾವ ದೇಶದ ಮಗುವಾದರೂ, ಯಾವ ದಪ್ಪದ ನೂಲಾದರೂ ಈ ಲೆಕ್ಕ ಸಲ್ಲುತ್ತದೆ. ಗಣಿತದ ತರಗತಿ ಬೆಳಿಗ್ಗೆ, ಹೆಣಿಗೆಯ ತರಗತಿ ಮಧ್ಯಾಹ್ನ, ಎರಡನ್ನೂ ನಾನೇ ತೆಗೆದುಕೊಳ್ಳುತ್ತಿದ್ದೆ. ಎರಡರ ನಡುವಿನ ಬಾಗಿಲನ್ನು ಮಾತ್ರ ಮೂವತ್ತು ವರ್ಷ ತೆರೆಯಲಿಲ್ಲ.

ಪುಸ್ತಕ ತಂದುಕೊಟ್ಟ ಶಿಷ್ಯೆಗೆ ನನ್ನದೊಂದು ಸಲಹೆ. ಹಿಮದ ಹರಳಿನ ಚಿತ್ತಾರ ಚೆನ್ನಾಗಿದೆ, ನೀನಿರುವ ಊರಿನಲ್ಲಿ ಹಿಮ ಬೀಳುವುದಾದರೆ ಅವಶ್ಯ ಹೆಣೆ. ಅಳತೆಯ ಪುಟವನ್ನು ಮಾತ್ರ ಹರಿದುಹಾಕಿ ಮಗನ ಎದೆಗೆ ಟೇಪು ಹಿಡಿ. ಕುಂಬಳಕಾಯಿಯ ದಿಂಬು ಬೇಡ.

ಆಗುಂಬೆಯ ಕಡೆಯ ಆ ಹುಡುಗಿ ಹೋದ ಮಳೆಗಾಲದಲ್ಲಿ ಮೊಮ್ಮಗನನ್ನು ಕರೆದುಕೊಂಡು ಬಂದಿದ್ದಳು. ಅವಳ ತಲೆಯೂ ನನ್ನಂತೆಯೇ ನರೆತಿದೆ. ಆ ಸ್ವೆಟರು ಏನಾಯಿತೆಂದು ಕೇಳಿದೆ. ಎರಡು ವರ್ಷ ತಮ್ಮ ತೊಟ್ಟನಂತೆ, ಕೆಳಗೆ ಬೂದುಬಣ್ಣದ ಪಟ್ಟಿ ಜೋಡಿಸಿ ಇನ್ನೆರಡು ವರ್ಷ ಚಿಕ್ಕವನು ತೊಟ್ಟನಂತೆ, ಆಮೇಲೆ ಬಿಚ್ಚಿ ಅಜ್ಜನಿಗೆ ಮಫ್ಲರ್ ಆಯಿತಂತೆ. ಕೊನೆಗೆ ಉಳಿದ ಎಳೆಯನ್ನು ಸುತ್ತಿ ನೀರಿನ ಕೊಡಕ್ಕೆ ಸಿಂಬೆ ಮಾಡಿದ್ದರಂತೆ. ಮಾತು ಮುಗಿಸಿ ಹೊರಡುವಾಗ ನಗುತ್ತ, "ಈಗ ಎಷ್ಟು ಕೊಡ್ತೀರಿ ಟೀಚರ್?" ಎಂದಳು.

ಇಪ್ಪತ್ತೆರಡು ಎಂದೆ. ಗುಂಡಿಯ ಕಾಜಗಳು ಸೊಟ್ಟಗಿದ್ದವು, ನನಗೆ ಚೆನ್ನಾಗಿ ನೆನಪಿದೆ.